ಸೀಸದ ಸಿಪಾಯಿಗಳ ಯಜಮಾನರು ಹೋದ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕಾಗದಗಳ ಕಟ್ಟು ಬಿಚ್ಚಿದ್ರೆ ಅರ್ಧಕ್ಕರ್ಧ ಒಂದೇ ವಿಷಯ. ಹೋದ ಸಂಚಿಕೇಲಿ ಹಿಸ್ಟಾರಿಕಲ್ ವಾರ್‌ಗೇಮಿಂಗ್ ಬಗ್ಗೆ, ಅಂದ್ರೆ ಹಳೇ ಕಾಲದ ನಿಜವಾದ ಯುದ್ಧಗಳನ್ನ ಪುಟ್ಟ ಪುಟ್ಟ ಸಿಪಾಯಿ ಗೊಂಬೆ ಇಟ್ಕೊಂಡು, ದಾಳ ಉರುಳಿಸಿ, ಟೇಪು ಹಿಡ್ದು ಅಳೆದು ಮೇಜಿನ ಮೇಲೆ ಆಡೋ ಆಟದ ಬಗ್ಗೆ ನಾಲ್ಕು ಸಾಲು ಬರ್ದು, ಡಾನ್ ಫೆದರ್‌ಸ್ಟೋನ್ ಅನ್ನೋ ಹೆಸರನ್ನ ಹಾಗೇ ತೇಲಿಸಿ ಬಿಟ್ಟಿದ್ದೆ. ಅದಕ್ಕೇ ಇಷ್ಟು ಪ್ರಶ್ನೆ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾವು ಆರು ಜನ ಗೆಳೆಯರು ಪ್ರತಿ ತಿಂಗಳು ಸೇರಿ ವಾರ್‌ಗೇಮ್ ಆಡ್ತೀವಿ. ನಮಗೆಲ್ಲ ಆಟ ಕಲಿಸಿದ ಹಿರಿಯರು ತೀರಿಕೊಂಡು ಎರಡು ತಿಂಗಳಾಯ್ತು. ನೆನಪಿಗೆ ಏನಾದ್ರೂ ಮಾಡ್ಬೇಕು ಅಂತ ಎಲ್ಲರಿಗೂ ಇದೆ. ಒಬ್ರು ಫೋಟೋ ಇಟ್ಟು ಭಾಷಣ ಅಂತಾರೆ, ಒಬ್ರು ಕಪ್ ಇಡೋಣ ಅಂತಾರೆ, ನಾನು ಒಂದು ಆಟ ಆಡೋಣ ಅಂದ್ರೆ "ಸತ್ತೋರ ಹೆಸರಲ್ಲಿ ಆಟ ಏನ್ರೀ, ಚೆನ್ನಾಗಿರಲ್ಲ" ಅಂತ ಬಾಯಿ ಮುಚ್ಚಿಸಿದ್ರು. ಅವರ ಹತ್ರ ಒಂದು ನೋಟ್‌ಬುಕ್ ಇತ್ತು, ಆಡಿದ ಪ್ರತಿ ಆಟದ ಲೆಕ್ಕ ಅದರಲ್ಲಿದೆ, ತಾವು ಗೆದ್ದದ್ದು ನೀಲಿ ಇಂಕಲ್ಲಿ, ಸೋತದ್ದು ಕೆಂಪಿಂಕಲ್ಲಿ, ಆ ಕೆಂಪು ಪೆನ್ನು ಇನ್ನೂ ಅದರೊಳಗೇ ಸಿಕ್ಕಿಸಿದೆ. ಕೊನೇ ಪುಟದಲ್ಲಿ ಮೊಲ್‌ವಿಟ್ಜ್ ಯುದ್ಧ, ಅರ್ಧ ಆಡಿದ್ದು. ಅವತ್ತು ಸುಸ್ತು ಅಂತ ಏಳನೇ ಟರ್ನ್‌ಗೆ ನಿಲ್ಲಿಸಿದ್ರು, ಯಾವ ತುಕಡಿ ಎಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಚಿತ್ರ ಬರ್ದಿಟ್ಟಿದ್ದಾರೆ. ಆಸ್ಟ್ರಿಯಾ ಕಡೆ ಅವರೇ ಆಡ್ತಿದ್ರು.

ಉತ್ತರ: ಸ್ವಾಮಿ, ಕೊನೇ ಪುಟದ ವಿಷ್ಯ ಬರ್ದ ಮೇಲೂ ಏನು ಮಾಡೋಣ ಅಂತ ನನ್ನ ಕೇಳ್ತಿದ್ದೀರಲ್ಲ! ಆ ಪೆನ್ಸಿಲ್ ಚಿತ್ರ ನೋಡ್ಕೊಂಡು ಮೇಜು ಜೋಡಿಸಿ, ಎಂಟನೇ ಟರ್ನ್‌ನಿಂದ ಶುರು ಮಾಡಿ, ಅಷ್ಟೆ. ಭಾಷಣ ಬೇಡ ಅಂತ ನಾನು ಹೇಳಲ್ಲ, ಆದ್ರೆ ಹೊಗಳಿ ಅಟ್ಟಕ್ಕೇರಿಸೋ ಭಾಷಣ ಯಾರ ಮೇಲೆ ಬೇಕಾದ್ರೂ ಮಾಡ್ಬಹುದು, ಹೆಸರು ಬದಲಾಯಿಸಿದ್ರೆ ಇನ್ನೊಬ್ರಿಗೂ ಆಗತ್ತೆ. ಮೊಲ್‌ವಿಟ್ಜ್‌ನಲ್ಲಿ ಏಳನೇ ಟರ್ನ್‌ಗೆ ನಿಂತ ಆಸ್ಟ್ರಿಯಾದ ಕುದುರೆ ಸೈನ್ಯ ಮಾತ್ರ ಅವರೊಬ್ರದ್ದೇ.

ಅವರು ಆರಿಸಿದ ಯುದ್ಧ ಎಂಥದ್ದು ನೋಡಿ. 1741ರ ಏಪ್ರಿಲ್ 10, ಸೈಲೀಷಿಯಾದಲ್ಲಿ ನೆಲದ ಮೇಲೆ ಇನ್ನೂ ಹಿಮ. ಪ್ರಷ್ಯಾದ ರಾಜ ಫ್ರೆಡರಿಕ್‌ಗೆ ಅದು ಮೊದಲನೇ ದೊಡ್ಡ ಯುದ್ಧ. ಆಸ್ಟ್ರಿಯಾದ ಕುದುರೆ ಸವಾರರು ಜನರಲ್ ರೋಮರ್ ಹಿಂದೆ ನುಗ್ಗಿ ಪ್ರಷ್ಯಾದ ಬಲಗಡೆ ಕುದುರೆ ಪಡೆನ ಚೆಲ್ಲಾಪಿಲ್ಲಿ ಮಾಡಿಬಿಟ್ರು, ರೋಮರ್ ಅಲ್ಲೇ ಸತ್ತ, ಇತ್ತ ಕತೆ ಮುಗೀತು ಅಂದ್ಕೊಂಡು ಫ್ರೆಡರಿಕ್ ತನ್ನ ಮುದಿ ದಂಡನಾಯಕ ಶ್ವೆರಿನ್ ಮಾತು ಕೇಳಿ ಕುದುರೆ ಹತ್ತಿ ಯುದ್ಧಭೂಮೀನೇ ಬಿಟ್ಟು ಹೋದ. ಅವನು ಹೋದ ಮೇಲೆ ಶ್ವೆರಿನ್ ಪದಾತಿ ಸೈನ್ಯನ ಸಾಲಾಗಿ ಮುಂದಕ್ಕೆ ನಡೆಸಿ ಯುದ್ಧ ಗೆದ್ದ. ಪ್ರಷ್ಯಾದವರ ಬಂದೂಕಿಗೆ ಮದ್ದು ಜಡಿಯೋ ಕೋಲು ಕಬ್ಬಿಣದ್ದು, ಮರದ್ದರ ಹಾಗೆ ಮುರಿಯಲ್ಲ, ಗುಂಡು ಬೇಗ ಬೇಗ ಬೀಳತ್ತೆ, ಆಸ್ಟ್ರಿಯಾದ ದಂಡನಾಯಕ ನೈಪರ್ಗ್‌ಗೆ ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ. ಈಗ ಹೇಳಿ, ನಿಮ್ಮ ಹಿರಿಯರು ಗೆದ್ದ ಕಡೆ ಬಿಟ್ಟು ಸೋತ ನೈಪರ್ಗ್ ಜಾಗದಲ್ಲಿ ಯಾಕೆ ಕೂತ್ರು? "ಇವನ ಬದಲು ನಾನಿದ್ದಿದ್ರೆ ಏನ್ ಮಾಡ್ತಿದ್ದೆ" ಅನ್ನೋ ತುರಿಕೆ ಅದು, ಇಡೀ ಹವ್ಯಾಸ ನಿಂತಿರೋದೇ ಅದರ ಮೇಲೆ.

ಒಂದೆರಡು ವಿಷ್ಯ ಮಾತ್ರ ನೋಡ್ಕೊಳ್ಳಿ. ರೂಲ್ಸ್ ಅವತ್ತು ಯಾವುದಿತ್ತೋ ಅದೇ ಇರ್ಲಿ, ಮಾರ್ಜಿನ್‌ನಲ್ಲಿ ಅವರು ಕೈಯಲ್ಲಿ ಬರ್ಕೊಂಡ ತಿದ್ದುಪಡಿ ಸಮೇತ, ಅದು ನಿಮಗೆ ಎಷ್ಟೇ ವಕ್ರ ಅನ್ನಿಸಿದ್ರೂ ಸರಿ. ಆಸ್ಟ್ರಿಯಾ ಕಡೆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಕೂರ್ಲಿ. ಒಬ್ರು ಅಂಪೈರ್ ಆಗಿ. ಮತ್ತೆ ದಯವಿಟ್ಟು ಗೌರವದ ಹೆಸರಲ್ಲಿ ಆಸ್ಟ್ರಿಯಾನ ಬೇಕು ಬೇಕಂತ ಗೆಲ್ಲಿಸ್ಬೇಡಿ, ಅಂಥ ಆಟ ಅವರಿಗೆ ಮೊದಲನೇ ಟರ್ನ್‌ನಲ್ಲೇ ಗೊತ್ತಾಗ್ತಿತ್ತು. ಹೊರಗಿನವರನ್ನೂ ಕರೆಯೋ ಮನಸ್ಸಿದ್ರೆ ಬ್ರಿಟನ್ನಿನ ಸೊಸೈಟಿ ಆಫ್ ಏನ್ಷಿಯಂಟ್ಸ್, ಅಂದ್ರೆ ಪ್ರಾಚೀನ ಕಾಲದ ಯುದ್ಧಗಳನ್ನ ಆಡೋರ ಸಂಘ, ನಡೆಸೋ ಬ್ಯಾಟಲ್ ಡೇ ಥರ ಮಾಡಿ: ಒಂದೇ ಹಳೇ ಯುದ್ಧನ ಬೇರೆ ಬೇರೆ ಮೇಜಲ್ಲಿ ಬೇರೆ ಬೇರೆ ರೂಲ್ಸ್ ಇಟ್ಕೊಂಡು ಒಂದೇ ದಿನ ಆಡ್ತಾರೆ, ಮಧ್ಯದಲ್ಲಿ ಒಂದು ಮೇಜಿಂದ ಇನ್ನೊಂದಕ್ಕೆ ಓಡಾಡ್ಕೊಂಡು ಜಗಳ ಆಡೋದೇ ಅಲ್ಲಿ ಮಜಾ.

"ಆಟ ಏನ್ರೀ" ಅಂದವರು ಬಹುಶಃ ಹೊರಗಿನವರ ಕಣ್ಣಿಂದ ನೋಡ್ತಿದ್ದಾರೆ. ಹಾಡುಗಾರ ಹೋದ್ರೆ ಹಾಡ್ತೀವಿ, ಇವರು ಹೋದ್ರೆ ದಾಳ ಉರುಳಿಸ್ಬೇಕು. ಅವರನ್ನ ಬೈಯ್ಬೇಡಿ, ಪ್ರಷ್ಯಾ ಕಡೆ ಕೂರಿಸಿ.

ಪ್ರಶ್ನೆ: ಈ ಫೆದರ್‌ಸ್ಟೋನ್ ಯಾರು? ಗೊಂಬೆ ಆಡಿಸಿದವರನ್ನ ಗುರು, ಪಿತಾಮಹ ಅಂತೆಲ್ಲ ಕರೆಯೋದು ಸ್ವಲ್ಪ ಜಾಸ್ತಿ ಆಗ್ಲಿಲ್ವಾ?

ಉತ್ತರ: ಪಿತಾಮಹ ಅನ್ನೋ ಪದ ನನಗೂ ಅಷ್ಟಕ್ಕಷ್ಟೆ, ಈ ಹವ್ಯಾಸಕ್ಕೆ ಆಗ್ಲೇ ನಾಲ್ಕೈದು ಪಿತಾಮಹರಿದ್ದಾರೆ. ಗುರು ಅನ್ನೋದು ಸರಿಯಾಗೇ ಇದೆ. 1918ರಲ್ಲಿ ಲಂಡನ್‌ನಲ್ಲಿ ಹುಟ್ಟಿದ್ರು, ಎರಡನೇ ಮಹಾಯುದ್ಧದಲ್ಲಿ ರಾಯಲ್ ಟ್ಯಾಂಕ್ ರೆಜಿಮೆಂಟ್‌ನಲ್ಲಿದ್ರು, ಆಮೇಲೆ ಸೌತಾಂಪ್ಟನ್‌ನಲ್ಲಿ ಫಿಸಿಯೋಥೆರಪಿಸ್ಟ್. ಅಂದ್ರೆ ಹಗಲೆಲ್ಲ ಜನರ ಮಂಡಿ ಭುಜ ರಿಪೇರಿ, ಸಂಜೆ ನೆಪೋಲಿಯನ್. ಕ್ರೀಡೆಯ ಗಾಯಗಳ ಬಗ್ಗೆ, ನೃತ್ಯಗಾರರ ಗಾಯಗಳ ಬಗ್ಗೆ ಕೂಡ ಪುಸ್ತಕ ಬರ್ದಿದ್ದಾರೆ, ವಾರ್‌ಗೇಮ್ ಮಂದಿಗೆ ಇದು ಅಷ್ಟಾಗಿ ಗೊತ್ತಿರಲ್ಲ.

1962ರಲ್ಲಿ ಅವರ "ವಾರ್ ಗೇಮ್ಸ್" ಪುಸ್ತಕ ಬಂತು. ಅದಕ್ಕೆ ಮುಂಚೆ ಇಂಥ ಹುಚ್ಚಿರೋರು ಊರಿಗೊಬ್ರು, ಪಕ್ಕದ ಮನೆಯವರಿಗೂ ಹೇಳ್ಕೊಳ್ಳೋಕೆ ನಾಚಿಕೆ ಪಟ್ಕೊಂಡು ಬಾಗಿಲು ಹಾಕ್ಕೊಂಡು ಆಡೋರು. ಆ ಪುಸ್ತಕದಲ್ಲಿ ಮೂರು ಕಾಲದ ಆಟ ಇತ್ತು, ಪ್ರಾಚೀನ ಕಾಲದ್ದು, ಅಮೆರಿಕದ ಅಂತರ್ಯುದ್ಧದ್ದು, 1944ರ ಟ್ಯಾಂಕುಗಳದ್ದು, ಮೂರಕ್ಕೂ ರೂಲ್ಸ್ ಕೊಟ್ಟು, ಒಂದೊಂದು ಯುದ್ಧನೂ ಶುರುವಿಂದ ಕೊನೇವರೆಗೂ ಆಡಿ ತೋರಿಸಿದ್ರು. ಓದ್ತಾ ಓದ್ತಾ "ಇಷ್ಟೇನಾ, ಇದು ನನ್ನ ಕೈಲೂ ಆಗತ್ತೆ" ಅನ್ನಿಸ್ಬೇಕು, ಹಾಗಿತ್ತು ಬರವಣಿಗೆ. ನಂಗೆ ಅವರ ದೊಡ್ಡಸ್ತಿಕೆ ಇರೋದೇ ಇಲ್ಲಿ ಅನ್ಸತ್ತೆ. ರೂಲ್ಸ್ ಅವರಿಗಿಂತ ಚೆನ್ನಾಗಿ ಬರ್ದೋರು ಆಮೇಲೆ ಎಷ್ಟೋ ಜನ ಬಂದ್ರು, ಸುಳ್ಳು ಯಾಕೆ ಹೇಳ್ಬೇಕು, ಈಗ ಕೂತು ಆಡಿದ್ರೆ ಅಲ್ಲಲ್ಲಿ ತೂತು ಕಾಣತ್ತೆ, "ಇದಕ್ಕೇನು ಮಾಡ್ಬೇಕು" ಅಂತ ಹುಡುಕಿದ್ರೆ ಉತ್ತರ ಇರಲ್ಲ. ಆದ್ರೆ ಇದು ನನ್ನ ರೂಲು, ನಿಮಗೆ ಹಿಡಿಸದಿದ್ರೆ ಬದಲಾಯಿಸ್ಕೊಳ್ಳಿ ಅನ್ನೋ ಧೋರಣೆ ಅವರದ್ದು.

ಪುಸ್ತಕಕ್ಕೆ ಒಂದು ವರ್ಷ ಮೊದಲೇ, 1961ರಲ್ಲಿ, ಗೆಳೆಯ ಟೋನಿ ಬಾತ್ ಜೊತೆ ಸೇರಿ ಸೌತಾಂಪ್ಟನ್‌ನಲ್ಲಿ ವಾರ್‌ಗೇಮ್ ಆಡೋರ ಮೊದಲ ಸಮಾವೇಶ ನಡೆಸಿದ್ರು. 1962ರಿಂದ 1980ರವರೆಗೆ "ವಾರ್‌ಗೇಮರ್ಸ್ ನ್ಯೂಸ್‌ಲೆಟರ್" ಅಂತ ಮಾಸಪತ್ರಿಕೆ ನಡೆಸಿದ್ರು, ಇಂಟರ್ನೆಟ್ ಇಲ್ಲದ ಕಾಲ, ಎಲ್ಲೋ ಒಬ್ಬನೇ ಕೂತು ಸಿಪಾಯಿಗೆ ಬಣ್ಣ ಬಳೀತಿದ್ದೋನಿಗೆ ನನ್ನಂಥೋರು ಇನ್ನೂ ಇದ್ದಾರೆ ಅಂತ ಗೊತ್ತಾಗ್ತಿದ್ದದ್ದೇ ಅದರಿಂದ. ಪತ್ರಿಕೆ ಕೆಲಸ ಮಾಡೋನಾಗಿ ಹೇಳ್ತೀನಿ, ಹದಿನೆಂಟು ವರ್ಷ ತಿಂಗಳು ತಿಂಗಳು ಸಂಚಿಕೆ ತೆಗೆಯೋದು ಅಂದ್ರೆ ವಾಟರ್ಲೂ ಗೆದ್ದಷ್ಟೇ ಕಷ್ಟ.

ಟೋನಿ ಬಾತ್ ಹೆಸರನ್ನೂ ಜೊತೆಗೇ ನೆನಪಿಟ್ಕೊಳ್ಳಿ, ಮೇಲೆ ಹೇಳಿದ ಸೊಸೈಟಿ ಆಫ್ ಏನ್ಷಿಯಂಟ್ಸ್‌ನ 1965ರಲ್ಲಿ ಶುರು ಮಾಡಿದ್ದು ಅವರೇ. ಏಟು ಬಿದ್ದ ಸಿಪಾಯಿಗೆ ಅವನ ಕವಚ ನೋಡಿ ಇನ್ನೊಂದು ದಾಳ ಹಾಕಿ ಬದುಕೋ ಅವಕಾಶ ಕೊಡೋ "ಸೇವಿಂಗ್ ಥ್ರೋ" ಅವರ ರೂಲ್ಸಲ್ಲಿತ್ತು, ಅದು ಕೈಯಿಂದ ಕೈಗೆ ದಾಟಿ ಮುಂದೆ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಮಾಯಾಲೋಕದ ಪಾತ್ರ ಆಟಕ್ಕೂ ಹೋಯ್ತು. ಇವತ್ತು ಡ್ರ್ಯಾಗನ್ ಉಗಿದ ಬೆಂಕಿಯಿಂದ ಪಾರಾಗೋಕೆ ದಾಳ ಹಾಕೋ ಹುಡುಗ್ರಿಗೆ ಇದರ ಮೂಲ ಗೊತ್ತಿರಲ್ಲ, ಗೊತ್ತಿರ್ಲೇಬೇಕು ಅಂತೇನೂ ಇಲ್ಲ ಬಿಡಿ.

ಫೆದರ್‌ಸ್ಟೋನ್ 2013ರ ಸೆಪ್ಟೆಂಬರ್ 3ರಂದು, 95ನೇ ವಯಸ್ಸಲ್ಲಿ ಹೋದ್ರು. ಅವರ ಹಳೇ ಪುಸ್ತಕಗಳನ್ನ ಜಾನ್ ಕರಿ ಅನ್ನೋರ ಹಿಸ್ಟರಿ ಆಫ್ ವಾರ್‌ಗೇಮಿಂಗ್ ಪ್ರಾಜೆಕ್ಟ್ ಮತ್ತೆ ಅಚ್ಚು ಹಾಕಿದೆ. ಕಲ್ಲಿನ ಪ್ರತಿಮೆಗಿಂತ ನಂಗೆ ಇದು ವಾಸಿ, ಯಾಕಂದ್ರೆ ಪುಸ್ತಕ ಸಿಕ್ಕಿದ್ರೆ ಯಾರಾದ್ರೂ ಮೇಜು ಎಳ್ಕೊಂಡು ಆಡ್ತಾರೆ.

ಪ್ರಶ್ನೆ: ಯುದ್ಧನ ಆಟ ಮಾಡ್ಕೊಂಡೋರನ್ನ ಗೌರವಿಸೋದು ಅಂದ್ರೆ ಯುದ್ಧಾನೇ ಗೌರವಿಸಿದ ಹಾಗಲ್ವೇ? ನನ್ನ ಮಗನಿಗೆ ಏನಂತ ಹೇಳ್ಲಿ?

ಉತ್ತರ: ಅಮ್ಮಾ, ಈ ಪ್ರಶ್ನೆ ನೂರು ವರ್ಷಕ್ಕಿಂತ ಹಳೇದು. 1913ರಲ್ಲಿ ಎಚ್.ಜಿ. ವೆಲ್ಸ್, ಹೌದು ಕಾದಂಬರಿಕಾರ ವೆಲ್ಸೇ, "ಲಿಟಲ್ ವಾರ್ಸ್" ಅಂತ ಪುಸ್ತಕ ಬರ್ದ್ರು. ಅದರಲ್ಲಿ ಸ್ಪ್ರಿಂಗ್ ಇರೋ ಆಟದ ಫಿರಂಗಿಯಿಂದ ಸಣ್ಣ ಮರದ ತುಂಡು ಹಾರಿಸಿ ಎದುರಿನವನ ಸಿಪಾಯಿಗಳನ್ನ ಬೀಳಿಸ್ಬೇಕು, ಒಂಬತ್ತು ಗಜ ದೂರದ ಸಿಪಾಯಿಗೆ ಹತ್ತರಲ್ಲಿ ಒಂಬತ್ತು ಸಲ ತಗುಲತ್ತೆ ಅಂತ ಆ ಫಿರಂಗಿನ ಹೊಗಳಿದ್ದಾರೆ. ನಡುವಯಸ್ಸಿನ ಗಂಡಸ್ರು ನೆಲದ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ ಗುರಿ ಇಡೋದು ಕಣ್ಣಿಗೆ ಕಟ್ಟತ್ತೆ. ಅಂಥ ಪುಸ್ತಕದ ಕೊನೇಲಿ ಅವರು ಹೇಳೋದು, ನಿಜವಾದದ್ದಕ್ಕಿಂತ ಈ ಪುಟಾಣಿ ಯುದ್ಧನೇ ಎಷ್ಟೋ ಮೇಲು, ಮೂರ್ನಾಲ್ಕು ಸಲ ಇದನ್ನ ಆಡಿದ್ರೆ ಸಾಕು ದೊಡ್ಡ ಯುದ್ಧ ಅನ್ನೋದು ಎಂಥ ಎಡವಟ್ಟು ವ್ಯವಹಾರ ಅಂತ ಗೊತ್ತಾಗತ್ತೆ ಅಂತ. ಮುಂದಿನ ವರ್ಷವೇ ಮೊದಲ ಮಹಾಯುದ್ಧ ಶುರುವಾಯ್ತು.

ಯುದ್ಧದ ಒಳಗಿದ್ದು ಬಂದು ಗೊಂಬೆ ಹಿಡಿದೋರು ಫೆದರ್‌ಸ್ಟೋನ್ ಒಬ್ರೇ ಅಲ್ಲ, ಬ್ರಿಗೇಡಿಯರ್ ಪೀಟರ್ ಯಂಗ್ ಕಮಾಂಡೋ ಆಗಿದ್ದೋರು. ಮೇಜಿನ ಮೇಲೆ ಬಿದ್ದ ಸಿಪಾಯಿನ ಎತ್ತಿ ಡಬ್ಬಕ್ಕೆ ಹಾಕಿದ್ರೆ ಮುಂದಿನ ವಾರ ಮತ್ತೆ ಎದ್ದು ನಿಲ್ತಾನೆ, ಆ ವ್ಯತ್ಯಾಸ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಂತ ನಿಮ್ಮ ಅನುಮಾನ ಪೂರ್ತಿ ತಪ್ಪು ಅಂತಾನೂ ಅನ್ನಲ್ಲ. ಕೆಲವು ಮೇಜುಗಳ ಸುತ್ತ ಕೂತೋರ ಮಾತು ಕೇಳಿ ನಾನೇ ಎದ್ದು ಬಂದಿದ್ದಿದೆ. ಮಗನಿಗೆ ಏನೂ ಹೇಳ್ಬೇಡಿ, ಅವನ ಜೊತೆ ಒಂದು ಆಟ ಆಡಿ, ಆಮೇಲೆ ಆ ಯುದ್ಧದಲ್ಲಿ ನಿಜವಾಗ್ಲೂ ಎಷ್ಟು ಜನ ಸತ್ರು ಅಂತ ಇಬ್ರೂ ಕೂತು ಓದಿ.

ಪ್ರಶ್ನೆ: ನಮ್ಮ ತಂದೆ ವಾರ್‌ಗೇಮರ್. ಅವರು ಬಿಟ್ಟು ಹೋದ ಸೀಸದ ಸಿಪಾಯಿಗಳು ಸಾವಿರಗಟ್ಟಲೆ ಇವೆ, ಒಂದು ಹಳೇ ಓಕ್ ಮರದ ಬೀರು ತುಂಬ. ಕೆಲವಕ್ಕೆ ಬಿಳೀ ಪುಡಿ ಹತ್ತಿದೆ. ಗಾಜಿನ ಪೆಟ್ಟಿಗೆ ಮಾಡಿಸಿ ಅವರ ಫೋಟೋ ಕೆಳಗೆ ಇಡ್ಬೇಕು ಅಂತ ಆಸೆ.

ಉತ್ತರ: ಮೊದಲು ಆ ಬೀರುವಿಂದ ಈಚೆ ತೆಗೀರಿ, ಇವತ್ತೇ. ಓಕ್ ಮರದಿಂದ ಅಸಿಟಿಕ್ ಆಮ್ಲದ ಆವಿ ಸಣ್ಣಗೆ ಬರ್ತಾನೇ ಇರತ್ತೆ, ಬಾಗಿಲು ಮುಚ್ಚಿದ ಬೀರುವಲ್ಲಿ ಅದು ಸೇರ್ಕೊಂಡು ಸೀಸನ ತಿನ್ನತ್ತೆ, ನೀವು ನೋಡಿದ ಬಿಳೀ ಪುಡಿ ಲೆಡ್ ಕಾರ್ಬೊನೇಟ್. ಆಟದವರು ಇದಕ್ಕೆ ಲೆಡ್ ರಾಟ್ ಅಂತಾರೆ. ಬಾಯಿಂದ ಊದ್ಬೇಡಿ, ಅದು ವಿಷ, ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಮಕ್ಕಳನ್ನ ದೂರ ಇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಪುಡಿ ಹತ್ತಿದ್ದನ್ನ ಬೇರೆ ಇಡಿ, ಉಳಿದದ್ದನ್ನ ಲೋಹದ ಅಥವಾ ಒಳ್ಳೇ ಪ್ಲಾಸ್ಟಿಕ್ ಪೆಟ್ಟಿಗೇಲಿ, ತೇವ ಇಲ್ಲದ ಕಡೆ ಇಡಿ. ಗಾಜಿನ ಪೆಟ್ಟಿಗೆ ಮಾಡಿಸೋದಾದ್ರೂ ಚೌಕಟ್ಟು ಓಕ್ ಬೇಡ.

ಆಮೇಲೆ ಫೋಟೋ ತೆಗೀರಿ, ತುಕಡಿ ತುಕಡಿಯಾಗಿ. ಪ್ರತಿ ಸಿಪಾಯಿ ಕಾಲಡಿ ಇರೋ ಬೇಸ್‌ನ ತಿರುಗಿಸಿ ನೋಡಿ, ಬಹಳ ಜನ ಅಲ್ಲಿ ರೆಜಿಮೆಂಟ್ ಹೆಸರು, ಬಣ್ಣ ಬಳಿದ ವರ್ಷ ಬರ್ದಿರ್ತಾರೆ, ನಿಮ್ಮ ತಂದೆಯ ಅಕ್ಷರ ಅಲ್ಲಿ ಸಿಕ್ಕಿದ್ರೆ ಅದು ಆಲ್ಬಮ್ಮಿನ ಫೋಟೋಗಿಂತ ದೊಡ್ಡದು. ಹೊಸದಾಗಿ ಬಣ್ಣ ಮಾತ್ರ ಹಾಕಿಸ್ಬೇಡಿ. ಬಯೊನೆಟ್ ತುದೀಲಿ ಬಣ್ಣ ಹೋಗಿ ಲೋಹ ಹೊಳೀತಿದೆ ಅಂದ್ರೆ ಅದು ಹಾಳಾಗಿರೋದಲ್ಲ, ಅಷ್ಟು ಸಲ ಅವರ ಬೆರಳು ಅಲ್ಲಿ ಹಿಡಿದು ಎತ್ತಿಟ್ಟಿದೆ.

ಗಾಜಿನ ಪೆಟ್ಟಿಗೆಗೆ ಒಂದು ತುಕಡಿ ಸಾಕು, ಅವರಿಗೆ ಇಷ್ಟವಾದದ್ದು. ಉಳಿದದ್ದನ್ನ ಆಡೋರಿಗೆ ಕೊಡಿ, ಮಾರಿದ್ರೂ ತಪ್ಪೇನಿಲ್ಲ, ಆದ್ರೆ ಒಂದು ಸೈನ್ಯನ ಒಡೆದು ಹತ್ತು ಇಲ್ಲಿ ಇಪ್ಪತ್ತು ಅಲ್ಲಿ ಅಂತ ಹಂಚ್ಬೇಡಿ, ಎದುರಾಳಿ ಸೈನ್ಯ ಸಮೇತ ಒಟ್ಟಿಗೆ ಹೋಗ್ಲಿ. "ಇದು ಇಂಥವರ ಆಸ್ಟ್ರಿಯನ್ನರು" ಅಂತ ಹೇಳ್ಕೊಂಡು ಯಾರೋ ಮೇಜಿನ ಮೇಲೆ ಇಡ್ತಾರಲ್ಲ, ಆ ಹೆಸರು ಹೇಗೆ ಉಳಿಯತ್ತೆ ನೋಡ್ತಿರಿ.

ಪ್ರಶ್ನೆ: ಹಿರಿಯರ ಹೆಸರಲ್ಲಿ ಪ್ರಶಸ್ತಿ ಇಡೋದು ಹೇಗೆ?

ಉತ್ತರ: ಇಡ್ಬಹುದು, ಆದ್ರೆ ಯಾತಕ್ಕೆ ಅಂತ ಮೊದಲು ಯೋಚ್ನೆ ಮಾಡಿ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ "ಟ್ಯಾಕ್ಟಿಕ್ಸ್" ಅನ್ನೋ ಬೋರ್ಡ್ ಆಟ ತಂದು, ಆಮೇಲೆ ಅವಲಾನ್ ಹಿಲ್ ಕಂಪನಿ ಕಟ್ಟಿ, ನಕ್ಷೆ ಮೇಲೆ ಆರು ಮೂಲೆಯ ಮನೆಗಳನ್ನ ರೂಢಿಗೆ ತಂದೋರು. ಅವರ ಹೆಸರಿನ ಪ್ರಶಸ್ತಿ 1975ರಲ್ಲಿ ಶುರುವಾಯ್ತು, ಅವರು ತೀರಿಕೊಂಡದ್ದು 2010ರಲ್ಲಿ. ಅಂದ್ರೆ ಮೂವತ್ತೈದು ವರ್ಷ ಮುಂಚೆ, ಬದುಕಿದ್ದಾಗ್ಲೇ. ಇಷ್ಟರಲ್ಲಿ ಅವರು ಆಟದ ಧಂಧೆ ಬಿಟ್ಟು ರೈಲ್ವೆ ಇತಿಹಾಸ ಬರೀತಾ ಕೂತಿದ್ರು ಅನ್ನೋದು ಬೇರೆ ಮಾತು.

ಇದರ ಉಲ್ಟಾ ಕತೆ ಪ್ರಷ್ಯಾದ ಲೆಫ್ಟಿನೆಂಟ್ ರೈಸ್‌ವಿಟ್ಜ್‌ದು. ಅಪ್ಪ ಶುರು ಮಾಡಿದ ಆಟನ ತಿದ್ದಿ ತೀಡಿ 1824ರಲ್ಲಿ ಕ್ರೀಗ್ಸ್‌ಶ್ಪೀಲ್, ಅಂದ್ರೆ ಜರ್ಮನ್‌ನಲ್ಲಿ ಯುದ್ಧದಾಟ, ಅದರ ರೂಲ್ಸ್ ಅಚ್ಚು ಹಾಕಿಸಿದ. ಸೇನೆಯ ಮುಖ್ಯಸ್ಥ ಮ್ಯುಫ್ಲಿಂಗ್ ಮೊದಲು ಮೂಗು ಮುರಿದವನು, ಆಟ ನೋಡ್ತಾ ನೋಡ್ತಾ ಇದು ಆಟವೇ ಅಲ್ಲ, ಯುದ್ಧದ ತರಬೇತಿ, ಇಡೀ ಸೈನ್ಯಕ್ಕೆ ಶಿಫಾರಸು ಮಾಡ್ತೀನಿ ಅಂದ. ಅಷ್ಟು ಹೊಗಳಿಕೆ ಸಿಕ್ಕಿದ ಹುಡುಗ 1827ರಲ್ಲಿ ಆತ್ಮಹತ್ಯೆ ಮಾಡ್ಕೊಂಡ. ಮುಂದೆ ಆ ಆಟನ ಎಷ್ಟೋ ದೇಶದ ಸೈನ್ಯಗಳು ಎತ್ಕೊಂಡ್ವು, ಅವನಿಗೆ ಅದ್ಯಾವುದೂ ಗೊತ್ತಾಗ್ಲಿಲ್ಲ. ಈ ಕತೆ ಓದಿದಾಗೆಲ್ಲ ನಂಗೆ ಒಂಥರಾ ಆಗತ್ತೆ, ಅದಕ್ಕೇ ನಿಮ್ಮ ಹಿರಿಯರು ಇನ್ನೂ ಇದ್ದಾರೆ ಅಂದ್ರೆ ಪ್ರಶಸ್ತಿ ಈಗ್ಲೇ ಕೊಡಿ. ಇಲ್ಲ ಅಂದ್ರೆ ಗೆದ್ದೋರಿಗೆ ಬೇಡ, ವರ್ಷದಲ್ಲಿ ಹೊಸಬರಿಗೆ ಅತಿ ಹೆಚ್ಚು ಆಟ ಕಲಿಸಿದೋರಿಗೆ ಕೊಡಿ.

ಪ್ರಶ್ನೆ: ನಮ್ಮ ಗುಂಪಿನ ಹಿರಿಯರ ಬಗ್ಗೆ ನುಡಿನಮನ ಬರೀಬೇಕು, "ತುಂಬಲಾರದ ನಷ್ಟ" ಆದ ಮೇಲೆ ಪೆನ್ನು ಮುಂದಕ್ಕೆ ಹೋಗ್ತಿಲ್ಲ.

ಉತ್ತರ: ಆ ಎರಡು ಪದ ಹೊಡೆದು ಹಾಕಿ, ತಾನಾಗೇ ಹೋಗತ್ತೆ. ಅವರು ದಾಳ ಹೇಗೆ ಹಾಕ್ತಿದ್ರು? ಕೈಯಲ್ಲಿ ಕುಲುಕ್ತಿದ್ರಾ, ಲೋಟದಲ್ಲಾ? ಸೋಲೋವಾಗ ಏನಂತಿದ್ರು? ಯಾವ ರೂಲಿಗೆ ಜಗಳ ತೆಗೀತಿದ್ರು? ಅದನ್ನ ಬರೀರಿ. ನನಗೆ ಆಟ ಕಲಿಸಿದೋರು ಒಬ್ರಿದ್ರು. ಬೆಟ್ಟದ ಹಿಂದಿನ ಫಿರಂಗಿಗೆ ನನ್ನ ಸವಾರರು ಕಾಣ್ತಾರೋ ಇಲ್ವೋ ಅಂತ ನಾನು ವಾದ ಹೂಡಿದ್ರೆ ಮಾತಾಡ್ತಾ ಇರ್ಲಿಲ್ಲ, ಕನ್ನಡಕ ತೆಗೆದಿಟ್ಟು, ಗಲ್ಲನ ಮೇಜಿನ ಅಂಚಿಗೆ ಊರಿ, ಒಂದು ಕಣ್ಣು ಮುಚ್ಚಿ, ಆ ಒಂದಿಂಚಿನ ಗೋಲಂದಾಜನ ಹಿಂದಿಂದ ನೋಡೋರು, ಆಮೇಲೆ "ಬಾ, ನೀನೇ ನೋಡು" ಅಂತ ಜಾಗ ಬಿಟ್ಟು ಕೊಡೋರು. ಪ್ರತಿ ಸಲ ನನ್ನ ಸವಾರರು ಕಾಣ್ತಿದ್ರು. ಅವರ ಬಗ್ಗೆ ನಾನು ಬರೆದದ್ದೂ ಇಷ್ಟೇ.

ತಪ್ಪುಗಳನ್ನೂ ಬರೀರಿ, ಒಂದೋ ಎರಡೋ, ಪ್ರೀತಿಯಿಂದ. ಆದ್ರೆ ಮನೆಯವರಿಗೆ ಮೊದಲು ಓದೋಕೆ ಕೊಡಿ.

ಪ್ರಶ್ನೆ (ಮೊದಲ ಪ್ರಶ್ನೆ ಕಳಿಸಿದವರದ್ದೇ, ಎರಡನೇ ಕಾಗದ): ನೀವು ಉತ್ತರ ಕೊಡೋದು ತಡವಾಗತ್ತೆ ಅಂತ ನಾವೇ ತೀರ್ಮಾನ ಮಾಡ್ಬಿಟ್ವಿ, ಮೊಲ್‌ವಿಟ್ಜ್ ಮುಂದುವರಿಸ್ತೀವಿ. ಆಸ್ಟ್ರಿಯಾ ಕಡೆ ಕೂರೋ ಹುಡುಗಿಗೆ ಈಗ ಭಯ ಶುರುವಾಗಿದೆ, ಅವರ ಆಟನ ನಾನು ಸೋಲಿಸಿಬಿಟ್ರೆ ಅಂತ.

ಉತ್ತರ: ಸೋತ್ರೆ ನೋಟ್‌ಬುಕ್ಕಲ್ಲಿ ಕೆಂಪಿಂಕಲ್ಲಿ ಬರ್ಯೋಕೆ ಹೇಳಿ. ಪೆನ್ನು ಅಲ್ಲೇ ಇದೆ ಅಂತ ನೀವೇ ಬರ್ದಿದ್ರಲ್ಲ.